ತಾದುಸಾಕ್‌ಗೆ ಹೋಗುವವರು ಪ್ಯಾಕೇಜ್ ಟೂರ್ ಬಿಡಿ, ಬಂಡೆ ಹಿಡಿಯಿರಿ

ಕೆನಡಾದ ಕ್ವೆಬೆಕ್ ಪ್ರಾಂತ್ಯದಲ್ಲಿ ಸಾಗ್ನೆ ನದಿ ಸೇಂಟ್ ಲಾರೆನ್ಸ್ ನದಿಗೆ ಸೇರುವಲ್ಲಿ ತಾದುಸಾಕ್ ಅನ್ನೋ ಊರಿದೆ, ಜನ ಅಲ್ಲಿಗೆ ತಿಮಿಂಗಿಲ ನೋಡೋದಕ್ಕೆ ಹೋಗುತ್ತಾರೆ. ಮಾಂಟ್ರಿಯಲ್‌ನಲ್ಲಿ ಓದುವವರಿಗೆ ಬೇಸಿಗೆಯಲ್ಲಿ ಈ ಪೋಸ್ಟರ್ ಬರದೆ ಇರುವುದಿಲ್ಲ. ವೀಕೆಂಡ್ ತಿಮಿಂಗಿಲ ಟೂರ್, ಬಸ್ಸು, ಬೋಟು, ರೂಮು ಎಲ್ಲಾ ಸೇರಿ, ವಿದ್ಯಾರ್ಥಿಗಳಿಗೆ ಕಡಿಮೆ ದರ. ನಾವು ನಾಲ್ವರೂ ಹಾಗೇ ಹೋದವರು. ರೂಮು ತಾದುಸಾಕ್ ಹತ್ತಿರ ಅಂತ ಬರೆದಿದ್ದರು. ಸಿಕ್ಕಿದ್ದು ಲಾ ಮಾಲ್ಬೇ ಊರಿನಲ್ಲಿ. ಅಲ್ಲಿಂದ ತಾದುಸಾಕ್‌ಗೆ ಒಂದು ಗಂಟೆಗೂ ಜಾಸ್ತಿ ದಾರಿ. ಮಧ್ಯದಲ್ಲಿ ಸಾಗ್ನೆ ನದಿ ಬೇರೆ. ಅಲ್ಲಿ ಸೇತುವೆ ಇಲ್ಲ, ಫೆರಿಯಲ್ಲೇ ದಾಟಬೇಕು.

ರೂಮು ದೂರವಾದರೆ ಏನಂತೆ ಅನ್ನಬಹುದು. ತಿಮಿಂಗಿಲ ನೋಡೋದಕ್ಕೆ ಒಳ್ಳೆಯ ಹೊತ್ತೆಂದರೆ ಗಾಳಿ ಇಲ್ಲದ ಹೊತ್ತು. ನೀರು ಸಪಾಟಾಗಿದ್ದರೆ ಅದು ಉಸಿರು ಬಿಟ್ಟಾಗ ಚಿಮ್ಮುವ ಹನಿ ದೂರದಿಂದಲೇ ಕಾಣುತ್ತದೆ. ಉಸಿರಿನ ಸದ್ದೂ ಕೇಳುತ್ತದೆ. ಅಂಥ ಹೊತ್ತು ಸಿಗುವುದು ಹೆಚ್ಚಾಗಿ ಬೆಳಗಿನ ಜಾವ, ಊರೊಳಗೇ ಇದ್ದವರಿಗೆ ದಡ ನಡೆದು ಹೋಗುವಷ್ಟು ದೂರ. ನಾವು ಆ ಹೊತ್ತಿನಲ್ಲಿ ಮೋಟೆಲ್ ಕಾರಿಡಾರಿನಲ್ಲಿ ಸ್ನಾನಕ್ಕೆ ಸರದಿ ಕಾಯುತ್ತಿದ್ದೆವು. ನಾಲ್ವರಿಗೆ ಎರಡು ಹಾಸಿಗೆ, ಮುಚ್ಚದ ಕಿಟಕಿ. ಅದರ ಮೇಲೆ ತೆರಿಗೆ ಬೇರೆ ಕೊಡಿ ಎಂದರು. ಕ್ವೆಬೆಕ್‌ನಲ್ಲಿ ಹೇಳಿದ ಬೆಲೆಯ ಮೇಲೆ ಸುಮಾರು ಶೇಕಡಾ 15 ಸೇರುತ್ತದೆ, ರೂಮಿಗೆ ಇನ್ನೂ ಸ್ವಲ್ಪ ಜಾಸ್ತಿ. 'ಎಲ್ಲಾ ಸೇರಿ' ಎಂದು ಬರೆದಿದ್ದರೂ ತೆರಿಗೆ ಸೇರಿದೆಯಾ ಅಂತ ಬರಹದಲ್ಲೇ ಕೇಳಿಕೊಳ್ಳಿ.

ಬಸ್ಸಿನ ವಿಷಯ ಹೇಳಿದರೆ ಇನ್ನೂ ಕೋಪ ಬರುತ್ತದೆ. ಮಾಂಟ್ರಿಯಲ್‌ನಿಂದ ಕ್ವೆಬೆಕ್ ಸಿಟಿ ಸುಮಾರು 250 ಕಿ.ಮೀ., ಅಲ್ಲಿಂದ ತಾದುಸಾಕ್ ಇನ್ನೂ 200ಕ್ಕೂ ಮೇಲೆ. ನೇರ ಹೋದರೆ ಕಾರಿನಲ್ಲಿ ಆರು ಗಂಟೆ. ನಮ್ಮ ಬಸ್ಸು ಮೊದಲು ಮಾಂಟ್ರಿಯಲ್ ಪೂರ್ತಿ ಸುತ್ತಿ ಜನರನ್ನು ಹತ್ತಿಸಿಕೊಂಡಿತು. ಆಮೇಲೆ ದಾರಿಯಲ್ಲಿ ಒಂದು ಅಂಗಡಿ ಮುಂದೆ ಮುಕ್ಕಾಲು ಗಂಟೆ ನಿಂತಿತು. ಅಲ್ಲಿ ಮೇಪಲ್ ಸಿರಪ್ ಬಿಟ್ಟರೆ ಬೇರೇನೂ ಇಲ್ಲ. ಅದೇ ಸಿರಪ್ ನಮ್ಮ ಬೀದಿಯ ಸೂಪರ್ ಮಾರ್ಕೆಟ್‌ನಲ್ಲಿ ಅದಕ್ಕಿಂತ ಅಗ್ಗ.

ಬೋಟಿಗೆ ತಲೆಗೆ ನೂರು ಡಾಲರ್ ಆಸುಪಾಸು. ದೊಡ್ಡ ಬೋಟು, ನೂರಾರು ಜನ. ಗೈಡ್ ಗಡಿಯಾರದ ಲೆಕ್ಕದಲ್ಲಿ ದಿಕ್ಕು ಹೇಳುತ್ತಾರೆ. ಬೋಟಿನ ಮೂತಿ ಹನ್ನೆರಡು, ಬಲಕ್ಕೆ ಮೂರು. ಇಷ್ಟು ಗೊತ್ತಿದ್ದರೆ ಹುಡುಕಾಟ ಕಡಿಮೆ. ಆದರೆ ಮೊದಲು ಫ್ರೆಂಚ್‌ನಲ್ಲಿ ಹೇಳಿ, ಆಮೇಲೆ ಇಂಗ್ಲಿಷ್‌ನಲ್ಲಿ ಹೇಳುವಷ್ಟರಲ್ಲಿ ತಿಮಿಂಗಿಲ ಮುಳುಗಿರುತ್ತದೆ. ಒಂದೇ ಬದಿಗೆ ಜನ ನುಗ್ಗುತ್ತಾರೆ, ಎದುರಿಗೆ ಬರೀ ಮೊಬೈಲ್ ಹಿಡಿದ ಕೈಗಳು. ನನಗೆ ಜಾತ್ರೆಯಲ್ಲೇ ಉಸಿರು ಕಟ್ಟುತ್ತದೆ, ಹಾಗಾಗಿ ನನ್ನ ಮಾತನ್ನು ಸ್ವಲ್ಪ ಕಳೆದು ಓದಿಕೊಳ್ಳಿ. ನನ್ನ ಜೊತೆಗಿದ್ದ ಮಂಗಳೂರಿನ ಹುಡುಗನಿಗೆ ಬೋಟೇ ಇಷ್ಟವಾಯಿತು. ಫಿನ್ ತಿಮಿಂಗಿಲದ ಉದ್ದ ಬೆನ್ನು ಅವನಿಗೆ ಸರಿಯಾಗಿ ಕಂಡಿತಂತೆ. ನನಗೆ ಕಂಡಿದ್ದು ಮುಂದಿದ್ದವರ ಜಾಕೆಟ್.

ಹೋಗೋದೇ ಆದರೆ ಆಗಸ್ಟ್‌ನಲ್ಲೂ ಸ್ವೆಟರ್, ಟೋಪಿ, ಗಾಳಿ ತಡೆಯುವ ಜಾಕೆಟ್ ಬೇಕು. ಲಾರೆಂಟಿಯನ್ ಕಾಲುವೆ ಎಂಬ ಆಳವಾದ ಕಣಿವೆ ಸಮುದ್ರದಡಿ ಬಂದು ಇಲ್ಲೇ ಕೊನೆಯಾಗುತ್ತದೆ. ಮುನ್ನೂರು ಮೀಟರಿನಷ್ಟಿದ್ದ ಆಳ ಇದ್ದಕ್ಕಿದ್ದಂತೆ ತಗ್ಗುತ್ತದೆ. ಉಬ್ಬರ ಬಂದಾಗ ತಳದ ತಣ್ಣೀರು ಆ ಏರಿಗೆ ಬಡಿದು ಮೇಲೆ ಬರುತ್ತದೆ, ಜೊತೆಗೆ ಕ್ರಿಲ್ ಎಂಬ ಸಣ್ಣ ಸೀಗಡಿಯಂಥ ಜೀವಿಗಳೂ ಬರುತ್ತವೆ. ತಿಮಿಂಗಿಲಗಳು ಬರುವುದು ಅದನ್ನು ತಿನ್ನೋದಕ್ಕೆ. ನಿಮಗೆ ನಡುಕ ಬರುವುದೂ ಅದೇ ನೀರಿನಿಂದ.

ಎರಡನೇ ದಿನ ಪ್ಯಾಕೇಜಿನಲ್ಲಿ ಕ್ಯಾಸಿನೊ ಇತ್ತು. ತಿಂಗಳ ಬಾಡಿಗೆಗೇ ಪರದಾಡುವವರಿಗೆ ಕ್ಯಾಸಿನೊ! ಕ್ವೆಬೆಕ್ ಸಿಟಿಯಲ್ಲಿ ಓದುವ ಧಾರವಾಡದ ಗೆಳತಿ ಬಾಡಿಗೆ ಕಾರು ತಂದಿದ್ದಳು. ನಾವು ಬಸ್ಸಿನವರಿಗೆ ಟಾಟಾ ಹೇಳಿ ಮತ್ತೆ ತಾದುಸಾಕ್ ಕಡೆ ಹೊರಟೆವು.

ಸಾಗ್ನೆಯ ಈಚೆ ದಡದ ಬೇ-ಸಾಂತ್-ಕಾತ್ರಿನ್‌ನಿಂದ ಫೆರಿ ಪೂರ್ತಿ ಬಿಟ್ಟಿ, ಕಾರಿಗೂ ಬಿಟ್ಟಿ, ಹಗಲು ರಾತ್ರಿ ಓಡುತ್ತದೆ. ಹತ್ತು ನಿಮಿಷದ ದಾರಿ. ಕಾರಿನೊಳಗೆ ಕೂತಿರಬೇಡಿ, ಮೇಲೆ ಬನ್ನಿ. ತಾದುಸಾಕ್ ಕಡೆ ಹೋಗುವಾಗ ಬಲಗಡೆ ಸೇಂಟ್ ಲಾರೆನ್ಸ್, ಎಡಗಡೆ ಸಾಗ್ನೆ. ನಮಗೆ ಬೆಲುಗಾ ಎಂಬ ಬಿಳಿ ತಿಮಿಂಗಿಲ ಕಂಡಿದ್ದು ಇಲ್ಲೇ, ಒಂದು ಪೈಸೆ ಖರ್ಚಿಲ್ಲದೆ. ದೂರದಿಂದ ಬಿಳಿ ನೊರೆಯೋ ಬೆಲುಗಾವೋ ಗೊತ್ತಾಗುವುದಿಲ್ಲ. ನೊರೆ ಒಡೆದು ಹೋಗುತ್ತದೆ, ಬೆಲುಗಾ ಮುಳುಗಿ ಸ್ವಲ್ಪ ಮುಂದೆ ಮತ್ತೆ ಏಳುತ್ತದೆ. ಪಕ್ಕದಲ್ಲಿ ಬೂದು ಬಣ್ಣದ್ದು ಕಂಡರೆ ಅದು ಮರಿ. ಪ್ರವಾಸಿ ಬೋಟುಗಳು ಇವುಗಳಿಂದ 400 ಮೀಟರ್ ದೂರ ಇರಲೇಬೇಕು ಅಂತ ಕಾನೂನಿದೆ. ಅಂದರೆ ದುಡ್ಡು ಕೊಟ್ಟರೂ ಬೆಲುಗಾ ಹತ್ತಿರಕ್ಕೆ ಒಯ್ಯುವುದಿಲ್ಲ. ಒಯ್ಯುತ್ತೇವೆ ಅನ್ನುವವರನ್ನು ನಂಬಬೇಡಿ.

ಊರಲ್ಲೇ ಪ್ವಾಂತ್ ದ ಲಿಲೆ ಅಂತ ಒಂದು ಸಣ್ಣ ಕಾಲುದಾರಿ ಇದೆ, ನೀರಿನ ಪಕ್ಕದ ಬಂಡೆಗಳ ಮೇಲೆ. ಕಾರಿಲ್ಲದವರಿಗೆ ಅದೇ ಸಾಕು. ಕಾರಿದ್ದರೆ ಇನ್ನೂ 25 ಕಿ.ಮೀ. ಮುಂದೆ ಲೆ ಬರ್ಜೆರಾನ್ ಕಡೆಗೆ ಹೋಗಿ. ಅಲ್ಲಿ ಕ್ಯಾಪ್ ದ ಬಾನ್ ದೆಸೀರ್ ಅಂತ ದಡದಿಂದಲೇ ತಿಮಿಂಗಿಲ ನೋಡುವ ಜಾಗ ಇದೆ, ರಾಷ್ಟ್ರೀಯ ಉದ್ಯಾನಗಳನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಪಾರ್ಕ್ಸ್ ಕೆನಡಾದವರದ್ದು. ಪ್ರವೇಶಕ್ಕೆ ಸ್ವಲ್ಪ ದುಡ್ಡು ಕೊಡಬೇಕು, ಬೋಟಿನ ಮುಂದೆ ಅದು ಏನೂ ಅಲ್ಲ. ದಡದ ಬಂಡೆ ಮುಗಿದ ಕೂಡಲೇ ನೀರು ಆಳ. ಹಾಗಾಗಿ ತಿಮಿಂಗಿಲ ದಡದ ಹತ್ತಿರಕ್ಕೇ ಬರುತ್ತದೆ. ಮಿಂಕಿ ಜಾತಿಯ ಒಂದು ತಿಮಿಂಗಿಲ ನಮ್ಮ ಎದುರಿಗೇ ಎದ್ದಿತು, ಉಸಿರಿನ ವಾಸನೆ ಕೂಡ ಬಂತು. ಮೀನು ಕೊಳೆತ ವಾಸನೆ, ಬಣ್ಣಿಸುವಂಥದ್ದಲ್ಲ. ಕೂರೋದಕ್ಕೆ ದಪ್ಪ ಬಟ್ಟೆ ಒಯ್ಯಿರಿ, ಬಂಡೆ ತಣ್ಣಗೆ ಕೊರೆಯುತ್ತದೆ. ಬೈನಾಕ್ಯುಲರ್ ಇದ್ದರೆ ಒಳ್ಳೆಯದು. ಎರಡು ಗಂಟೆಯಾದರೂ ಇಟ್ಟುಕೊಳ್ಳಿ. ಹದಿನೈದು ನಿಮಿಷ ನೋಡಿ ಏನೂ ಇಲ್ಲ ಅಂತ ಎದ್ದು ಹೋದವರನ್ನು ನಾವು ಕಣ್ಣಾರೆ ಕಂಡೆವು.

ಇನ್ನು ಊಟ. ಸಸ್ಯಾಹಾರಿಗಳು ಗಮನಿಸಿ. ಪೂಟಿನ್ ಅಂದರೆ ಕರಿದ ಆಲೂಗಡ್ಡೆ ಮೇಲೆ ಚೀಸ್ ತುಂಡು ಹಾಕಿ ಗ್ರೇವಿ ಸುರಿದ ಇಲ್ಲಿಯ ತಿಂಡಿ, ಆ ಗ್ರೇವಿ ಸಾಮಾನ್ಯವಾಗಿ ಮಾಂಸದ ಸಾರಿನದು. ಇಲ್ಲಿಯ ಬಟಾಣಿ ಸೂಪಿನಲ್ಲೂ ಹೆಚ್ಚಾಗಿ ಹಂದಿ ಮಾಂಸ ಇರುತ್ತದೆ. ತಾದುಸಾಕ್ ಪೇಟೆಯ ರೆಸ್ಟೋರೆಂಟ್‌ಗಳಲ್ಲಿ ಸಲಾಡ್ ತಟ್ಟೆಗೇ ಜೇಬು ಖಾಲಿ. ನಮ್ಮನ್ನು ಉಳಿಸಿದ್ದು 138ನೇ ರಸ್ತೆ ಪಕ್ಕದ ಒಂದು ಸಣ್ಣ ತಿಂಡಿ ಗಾಡಿ, ಈ ಕಡೆಯವರು ಕಾಸ್-ಕ್ರೂಟ್ ಅನ್ನುತ್ತಾರೆ. ಒಂದು ಕಿಟಕಿ, ಹೊರಗೆ ಮೂರು ಮರದ ಬೆಂಚು. ಒಳಗೆ ಅರವತ್ತು ದಾಟಿದ ಒಬ್ಬ ಅಮ್ಮ. ಅವರಿಗೆ ಇಂಗ್ಲಿಷ್ ಬಾರದು, ನಮ್ಮ ಫ್ರೆಂಚ್ ದೇವರಿಗೇ ಪ್ರೀತಿ. 'ಸಾನ್ ವಿಯಾಂಡ್' ಅಂದರೆ ಮಾಂಸ ಬೇಡ ಅಂತ. ಅಷ್ಟು ಹೇಳಿದ್ದಕ್ಕೆ ಅವರು ಗ್ರೇವಿ ಪಾತ್ರೆ ತೋರಿಸಿ ಇದು ಬೇಡ ಎಂಬಂತೆ ತಲೆ ಆಡಿಸಿದರು. ಆಲೂಗಡ್ಡೆ ನಮ್ಮ ಕಣ್ಣೆದುರೇ ಹೆಚ್ಚಿ ಕರಿದರು. ಮೇಲೆ ತಾಜಾ ಚೀಸ್ ತುಂಡು, ಹಲ್ಲಿಗೆ ಸಿಕ್ಕರೆ ಕಿರ್ ಅನ್ನಬೇಕು, ಅಂದಿತು. ಹೊರಗೆ ಗರಿಗರಿ, ಒಳಗೆ ಮೆತ್ತಗೆ, ಎರಡು ಜನಕ್ಕೆ ಸಾಕಾಗುವಷ್ಟು. ಧಾರವಾಡದವಳು ಚೀಲದಿಂದ ಶೇಂಗಾ ಚಟ್ನಿಪುಡಿ ತೆಗೆದು ಉದುರಿಸಿದಳು. ಆಮೇಲೆ ಬ್ಲೂಬೆರಿ ಪೈ. ಇಷ್ಟೆಲ್ಲಾ ತಲೆಗೆ ಹತ್ತು ಡಾಲರ್ ಸುತ್ತಮುತ್ತ. ಕಾರ್ಡ್ ತಗೊಳ್ಳಲಿಲ್ಲ, ಚಿಲ್ಲರೆ ನೋಟು ಇರಲಿ.

ಪ್ಯಾಕೇಜ್ ಇಲ್ಲದೆ ಹೋಗುವವರಿಗೆ ಕ್ವೆಬೆಕ್ ಸಿಟಿಯಿಂದ ಬಸ್ಸಿದೆ, ಅದೇ ಫೆರಿ ಹತ್ತಿ ತಾದುಸಾಕ್‌ನಲ್ಲಿ ಇಳಿಸುತ್ತದೆ. ಆದರೆ ಬಸ್ಸುಗಳ ಸಂಖ್ಯೆ ಕಡಿಮೆ, ವಾಪಸ್ ಬರುವ ಸಮಯ ಮೊದಲೇ ನೋಡಿಕೊಂಡು ರೂಮು ಮಾಡಿ. ನಾಲ್ವರಿದ್ದರೆ ಕಾರೇ ಲಾಭ. ಸೆಪ್ಟೆಂಬರ್ ಮೊದಲ ಸೋಮವಾರ ರಜೆ ಅಂತ ಆ ವಾರವೇ ಹೊರಡಬೇಡಿ, ಎಲ್ಲರೂ ಅವತ್ತೇ ಹೊರಡುತ್ತಾರೆ. ಅದರ ಮುಂದಿನ ವಾರವಾದರೂ ತಿಮಿಂಗಿಲ ಅಲ್ಲೇ ಇರುತ್ತವೆ.