ಟೇಪ್ ಹಿಡಿದು ಮೈಕನ್ನು ತಿದ್ದಲು ಹೋದೆ

ಹೋಮ್ ಥಿಯೇಟರ್ ಕೂರಿಸುವ ಕೆಲಸಕ್ಕೆ ಸೇರಿ ಎರಡನೇ ವರ್ಷ. ವಿಜಯನಗರದಲ್ಲಿ ಒಂದು ಮನೆ. ಸಿನಿಮಾ ಹುಚ್ಚು ಮಗನದ್ದು, ದುಡ್ಡೂ ಮಗನದ್ದೇ. ಆದರೆ ದಿನಾ ಕೂತು ಕೇಳುವವರು ಅಪ್ಪ. ಬ್ಯಾಂಕಿನಿಂದ ನಿವೃತ್ತರಾದವರು, ಅವರಿಗೆ ಬೇಕಾದದ್ದು ಸಂಗೀತ ಕಚೇರಿಗಳ ರೆಕಾರ್ಡಿಂಗ್ ಮಾತ್ರ.

ವೈರಿಂಗ್ ಮುಗಿಸಿದೆ. ಎಲ್ಲಾ ಸ್ಪೀಕರ್‌ಗಳನ್ನೂ ನಡೆಸುವ ಪೆಟ್ಟಿಗೆ, ಅಂದರೆ ರಿಸೀವರ್ ಜೊತೆ ಬಂದ ಪುಟ್ಟ ಮೈಕನ್ನು ಸೋಫಾ ಹತ್ತಿರ ಸ್ಟ್ಯಾಂಡಿಗೆ ಹಾಕಿ ಆಟೋ ಕ್ಯಾಲಿಬ್ರೇಷನ್ ಶುರು ಮಾಡಿದೆ. ನೋಡಿಲ್ಲದವರಿಗೆ ಹೇಳುವುದಾದರೆ, ಒಂದೊಂದೇ ಸ್ಪೀಕರ್‌ನಿಂದ ಟುಯ್ ಟುಯ್ ಅಂತ ಸದ್ದು ಬರುತ್ತದೆ. ಆ ಸದ್ದು ಮೈಕಿಗೆ ಮುಟ್ಟಲು ಎಷ್ಟು ಹೊತ್ತು ಹಿಡಿಯಿತು, ಎಷ್ಟು ಜೋರಾಗಿ ಮುಟ್ಟಿತು, ರೂಮು ಯಾವುದನ್ನು ಉಬ್ಬಿಸಿತು, ಯಾವುದನ್ನು ನುಂಗಿತು ಎಂದು ರಿಸೀವರ್ ಲೆಕ್ಕ ಹಾಕುತ್ತದೆ. ಆಮೇಲೆ ಅದಕ್ಕೆ ತಕ್ಕ ಹಾಗೆ ಪ್ರತಿ ಸ್ಪೀಕರನ್ನೂ ತಿದ್ದುತ್ತದೆ. ಡೆನಾನ್, ಮರಾಂಟ್ಜ್ ರಿಸೀವರ್‌ಗಳಲ್ಲಿ ಇದು ಆಡಿಸ್ಸಿ, ಯಮಹಾದಲ್ಲಿ ವೈಪಿಎಒ. ಸ್ವೀಡನ್ನಿನವರ ಡಿರಾಕ್ ಕೂಡ ಈಗ ಹಲವು ರಿಸೀವರ್‌ಗಳಲ್ಲಿ ಬರುತ್ತದೆ.

ಕೆಲಸ ಮುಗಿದ ಮೇಲೆ ಸ್ಪೀಕರ್‌ಗಳ ದೂರ ಟಿವಿ ಮೇಲೆ ಬಂತು. ಎಲ್ಲವೂ ಸರಿಯಾಗಿತ್ತು, ತಗ್ಗಿನ ಸದ್ದು ಅಂದರೆ ಬೇಸ್ ಹೊರಡಿಸುವ ಸಬ್‌ವೂಫರ್ ಒಂದು ಬಿಟ್ಟು. ಅದು 5.1 ಮೀಟರ್ ದೂರ ಇದೆ ಅಂತ ತೋರಿಸುತ್ತಿತ್ತು. ಸಬ್ ಇದ್ದದ್ದು ಎಡಗಡೆ ಸ್ಪೀಕರ್ ಪಕ್ಕದಲ್ಲೇ! ಟೇಪ್ ಹಿಡಿದೆ. 11 ಅಡಿ, ಅಂದರೆ 3.35 ಮೀಟರ್. ಮಷೀನಿಗೆ ಎಲ್ಲೋ ತಲೆ ಕೆಟ್ಟಿದೆ ಅಂದುಕೊಂಡು 5.1 ಅಳಿಸಿ 3.35 ಹಾಕಿದೆ. ದೊಡ್ಡ ತಪ್ಪೊಂದನ್ನು ಹಿಡಿದ ಖುಷಿಯಲ್ಲಿ ಮನೆಗೆ ಹೋದೆ.

ನಾಲ್ಕು ದಿನಕ್ಕೆ ಆ ಮನೆಯ ಅಪ್ಪನ ಫೋನ್ ಬಂತು. "ಏನಪ್ಪಾ, ನಿನ್ನ ಡಬ್ಬದೊಳಗೆ ಮೃದಂಗಕ್ಕೆ ಎಡಗೈಯೇ ಇಲ್ಲವಲ್ಲ?"

ಬೇಸ್ ಕಡಿಮೆ ಆಗಿದೆ ಅಂತ ನನ್ನ ತೀರ್ಮಾನ. "ಸಬ್ ಹಿಂದೆ ಒಂದು ತಿರುಗಣೆ ಇದೆ ಸರ್, ಸ್ವಲ್ಪ ಜಾಸ್ತಿ ಮಾಡಿ" ಅಂದೆ. ಮಾರನೇ ದಿನ ಮತ್ತೆ ಫೋನ್. ಈಗ ಸಭಾಂಗಣದ ಗುಡುಗುಡು ಎಲ್ಲಾ ಕೇಳುತ್ತಿದೆಯಂತೆ, ಯಾರೋ ವೇದಿಕೆ ಮೇಲೆ ನಡೆದದ್ದೂ ಕೇಳುತ್ತಿದೆಯಂತೆ. ಮೃದಂಗದ ಗುಮ್ಕಿ, ಅಂದರೆ ಎಡಗೈಯ ಗುಂ ಅನ್ನುವ ಸದ್ದು, ಮಾತ್ರ ಇನ್ನೂ ಇಲ್ಲ.

ನಮ್ಮ ಅಂಗಡಿಯ ಹಿರಿಯ ಟೆಕ್ನಿಷಿಯನ್‌ಗೆ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಸಬ್ ದೂರಕ್ಕೆ ಕೈ ಹಾಕಿದೆಯೇನೋ?"

ಮೈಕಿಗೆ ದೂರ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಹೊತ್ತು ಮಾತ್ರ. ಸದ್ದು ಬರಲು ಹಿಡಿದ ಹೊತ್ತನ್ನು ಶಬ್ದದ ವೇಗದಿಂದ, ಅಂದರೆ ಸೆಕೆಂಡಿಗೆ ಸುಮಾರು 343 ಮೀಟರ್‌ನಿಂದ ಗುಣಿಸಿ, ಬಂದದ್ದನ್ನು ರಿಸೀವರ್ ಮೀಟರ್ ಅಂತ ತೋರಿಸುತ್ತದೆ. ಸಬ್‌ವೂಫರ್ ಒಳಗೆ ಅದರದ್ದೇ ಆಂಪ್ಲಿಫೈಯರ್ ಮತ್ತು ಫಿಲ್ಟರ್ ಇರುತ್ತವೆ. ಅವನ್ನು ದಾಟಿ ಬರುವಾಗ ಸದ್ದು ಕೆಲವು ಮಿಲಿಸೆಕೆಂಡ್ ತಡವಾಗುತ್ತದೆ. ಆ ತಡವೂ ಸೇರಿ 5.1 ಆಗಿತ್ತು. ನಾನು ಅಳಿಸಿದ್ದು ಆ ತಡವನ್ನೇ.

ಲೆಕ್ಕ ನೋಡಿ. ಸ್ಪೀಕರ್ ಮತ್ತು ಸಬ್ ಕೆಲಸ ಹಂಚಿಕೊಳ್ಳುವುದು ಸಾಮಾನ್ಯವಾಗಿ 80 ಹರ್ಟ್ಸ್ ಬಳಿ. ಆ ಸ್ವರದ ಒಂದು ಅಲೆ ಸುಮಾರು 4.3 ಮೀಟರ್ ಉದ್ದ. ನನ್ನ ತಿದ್ದುಪಡಿ 1.75 ಮೀಟರ್, ಅರ್ಧ ಅಲೆಗೆ ಹತ್ತಿರ. ಸ್ಪೀಕರ್ ಗಾಳಿಯನ್ನು ತಳ್ಳುವಾಗ ಸಬ್ ಎಳೆಯುತ್ತಿತ್ತು. ಎರಡೂ ಒಂದನ್ನೊಂದು ನುಂಗಿ ಅಲ್ಲೊಂದು ಹಳ್ಳ ಬಿದ್ದಿತ್ತು. ಗುಮ್ಕಿ ಬರುವುದೂ ಹೆಚ್ಚುಕಡಿಮೆ ಅಲ್ಲೇ. ಹಳ್ಳದ ಕೆಳಗಿನ ಗುಡುಗುಡುವಿಗೆ ಏನೂ ಆಗಿರಲಿಲ್ಲ, ತಿರುಗಣೆ ತಿರುಗಿಸಿದಾಗ ಎದ್ದು ಬಂದದ್ದು ಅದೇ.

ಮತ್ತೆ ಹೋಗಿ 5.1 ಹಾಕಿದೆ, ತಿರುಗಣೆಯನ್ನು ಹಳೇ ಜಾಗಕ್ಕೆ ತಂದೆ. ಅವರು ತಾಳವಾದ್ಯಗಳೇ ನುಡಿಯುವ ತನಿ ಆವರ್ತನ ಹಾಕಿ ಎರಡು ನಿಮಿಷ ಕಣ್ಣು ಮುಚ್ಚಿ ಕೂತರು. "ಹಾಂ, ಬಂದ ನೋಡು" ಅಂದರು, ಮೃದಂಗದವನೇ ಒಳಗೆ ಬಂದ ಹಾಗೆ. ಆಮೇಲೆ ಕಾಫಿ ಬಂತು.

ಇದಾದ ಮೇಲೆ ನಾನು ಮಷೀನಿನ ಭಕ್ತನಾದೆ. ಅದೂ ಹೆಚ್ಚು ದಿನ ನಡೆಯಲಿಲ್ಲ.

ಮೈಸೂರಿನಲ್ಲಿ ಒಂದು ಮನೆ. ಮಹಡಿ ಮೇಲೆ 14 ಅಡಿ ಉದ್ದದ ರೂಮು, ಸರಿಯಾಗಿ ನಟ್ಟನಡುವೆ ಸೋಫಾ. ಕ್ಯಾಲಿಬ್ರೇಷನ್ ಆಪ್‌ನಲ್ಲಿ ಯಾವ ಸ್ವರ ಎಷ್ಟು ಜೋರು ಅಂತ ತೋರಿಸುವ 'ಮೊದಲು' ಗ್ರಾಫ್ ಗುಡ್ಡಗಾಡಿನಂತಿತ್ತು, 'ನಂತರ' ಗ್ರಾಫ್ ಸ್ಕೇಲ್ ಇಟ್ಟು ಎಳೆದ ಗೆರೆ. ಗ್ರಾಹಕರು ಮಾತ್ರ ಸಿನಿಮಾದಲ್ಲಿ ಗುಡುಗೇ ಇಲ್ಲ ಅನ್ನುತ್ತಿದ್ದರು. ನಾನು ಗ್ರಾಫ್ ತೋರಿಸಿ ವಾದ ಮಾಡಿದೆ. ಈಗ ನೆನೆದರೆ ನಾಚಿಕೆ.

ಆ 'ನಂತರ' ಗ್ರಾಫ್ ಅಳೆದದ್ದಲ್ಲ. ಹೀಗಾಗಬಹುದು ಅಂತ ಆಪ್ ಊಹಿಸಿ ಬರೆದದ್ದು. ಮುಂದಿನ ವಾರ ಲ್ಯಾಪ್‌ಟಾಪ್, ಯುಮಿಕ್-1 ಮೈಕ್ ಮತ್ತು ಆರ್‌ಇಡಬ್ಲ್ಯೂ ಅನ್ನುವ ಉಚಿತ ಸಾಫ್ಟ್‌ವೇರ್ ತಗೊಂಡು ಹೋಗಿ ನಿಜವಾಗಿ ಅಳೆದೆ. 40 ಹರ್ಟ್ಸ್ ಬಳಿ ಬಾವಿ ಇದ್ದ ಹಾಗೆ ಹಳ್ಳ. 14 ಅಡಿ ಅಂದರೆ 4.27 ಮೀಟರ್. ಅದರ ಎರಡರಷ್ಟರಿಂದ 343ನ್ನು ಭಾಗಿಸಿದರೆ 40 ಬರುತ್ತದೆ. ಎದುರುಬದುರು ಗೋಡೆಗಳ ನಡುವೆ ಆ ಸ್ವರ ನಿಂತುಬಿಡುತ್ತದೆ: ಗೋಡೆ ಹತ್ತಿರ ಜೋರು, ನಟ್ಟನಡುವೆ ಹೆಚ್ಚುಕಡಿಮೆ ಮೌನ. ಸೋಫಾ ಇದ್ದದ್ದು ಆ ಮೌನದಲ್ಲೇ.

ರಿಸೀವರ್‌ನ ಸಾಫ್ಟ್‌ವೇರ್ ಪಾಪ ಹಳ್ಳ ತುಂಬಿಸಲು ಆ ಸ್ವರವನ್ನು ಏರಿಸಿತ್ತು. 9 ಡೆಸಿಬೆಲ್ ಏರಿಸಿದರೆ ಆಂಪ್‌ಗೆ 8 ಪಟ್ಟು ಪವರ್ ಬೇಕು. ಸಬ್‌ನ ಕೋನ್ ಹೊರಗೆ ಹಾರುವಷ್ಟು ಅಲುಗಾಡುತ್ತಿತ್ತು, ಸೋಫಾದಲ್ಲಿ ಕೂತವರಿಗೆ ಏನೂ ಇಲ್ಲ. ತೂತು ಬಿಂದಿಗೆಗೆ ಇನ್ನೂ ಜೋರಾಗಿ ನೀರು ಬಿಟ್ಟ ಹಾಗೆ. ಉಬ್ಬನ್ನು ತಗ್ಗಿಸಲು ಮೈಕ್ ಇಟ್ಟು ಮಾಡುವ ಈ ತಿದ್ದುಪಡಿ, ಅಂದರೆ ರೂಮ್ ಕರೆಕ್ಷನ್, ಬಹಳ ಒಳ್ಳೆಯದು, ಇಂಥ ಹಳ್ಳಕ್ಕೆ ಅದರಿಂದ ಆಗುವುದಿಲ್ಲ. ಸೋಫಾವನ್ನು ಎರಡೂವರೆ ಅಡಿ ಹಿಂದೆ ತಳ್ಳಿ, ಮೈಕ್ ಮತ್ತೆ ಓಡಿಸಿದೆ. ಗುಡುಗು ಬಂತು. ಖರ್ಚು ಸೊನ್ನೆ.

ಇನ್ನೊಂದು ಮಾತು. ಅಮೆರಿಕದವರ ವೀಡಿಯೋ ನೋಡಿ ಅದೇ ಸೆಟ್ಟಿಂಗ್ ಕೇಳುವ ಗ್ರಾಹಕರು ತುಂಬಾ ಜನ. ಅಲ್ಲಿನ ಎಷ್ಟೋ ಮನೆಗಳ ಗೋಡೆ ಮರದ ಚೌಕಟ್ಟಿಗೆ ಜಿಪ್ಸಮ್ ಹಲಗೆ ಹೊಡೆದದ್ದು, ಬೇಸ್ ಸ್ವಲ್ಪ ಸೋರಿ ಹೋಗುತ್ತದೆ. ನಮ್ಮದು ಇಟ್ಟಿಗೆ, ಕಾಂಕ್ರೀಟ್. ಒಳಗಿನದು ಒಳಗೇ ಸುತ್ತುತ್ತದೆ. ಕೆಳಗೆ ವಿಟ್ರಿಫೈಡ್ ಟೈಲ್ಸ್ ಬೇರೆ. ಚಪ್ಪಾಳೆ ತಟ್ಟಿದರೆ ಟರ್ರ್ ಅಂತ ಮಾರುದನಿ ಬಂದರೆ ಅದಕ್ಕೆ ಮೈಕ್ ಮದ್ದಲ್ಲ. ದಪ್ಪ ಪರದೆ, ಜಮಖಾನ ಹಾಕಿಸಿ.

ಮೈಕ್ ಇಡುವ ವಿಚಾರದಲ್ಲಿ ಈಗ ನಾನು ಸ್ವಲ್ಪ ಮಡಿವಂತ. ಕಿವಿಯ ಎತ್ತರಕ್ಕೆ, ಸ್ಟ್ಯಾಂಡಿನ ಮೇಲೇ ಇರಬೇಕು. ಕೈಯಲ್ಲಿ ಹಿಡಿಯುವ ಹಾಗಿಲ್ಲ, ದಿಂಬಿನ ಮೇಲೂ ಬೇಡ. ಆಡಿಸ್ಸಿ ಆದರೆ ಮೈಕಿನ ಮೂತಿ ಸೂರಿನ ಕಡೆ. ಮೊದಲ ಅಳತೆ ಮುಖ್ಯ ಸೀಟಿನದ್ದೇ ಆಗಬೇಕು, ದೂರ ಮತ್ತು ಜೋರನ್ನು ಅದು ತೀರ್ಮಾನಿಸುವುದು ಅಲ್ಲಿಂದ. ಉಳಿದ ಅಳತೆಗಳನ್ನು ಆ ಸೀಟಿನ ಸುತ್ತಮುತ್ತಲೇ ತಗೊಳ್ಳುತ್ತೇನೆ, ಬಾಗಿಲ ಹತ್ತಿರದ ಕುರ್ಚಿಯವರೆಗೆ ಹೋಗುವುದಿಲ್ಲ. ಫ್ಯಾನ್, ಎಸಿ ಬಂದ್. ಕುಕ್ಕರ್ ಇಟ್ಟಿದ್ದರೆ ಮೂರನೇ ಸೀಟಿ ಆಗುವವರೆಗೆ ಕಾಯುತ್ತೇನೆ. ಒಮ್ಮೆ ಎಂಟನೇ ಅಳತೆಯ ನಡುವೆ ಸೀಟಿ ಹೊಡೆದು ಎಲ್ಲಾ ಮೊದಲಿಂದ ಮಾಡಬೇಕಾಯಿತು.

ಟೇಪ್ ಈಗಲೂ ಬ್ಯಾಗಿನಲ್ಲಿದೆ, ಆದರೆ ಸೋಫಾ ಮತ್ತು ಗೋಡೆ ಅಳೆಯುವುದಕ್ಕೆ, ಅದೂ ಮೈಕನ್ನು ಬ್ಯಾಗಿನಿಂದ ಹೊರತೆಗೆಯುವ ಮೊದಲು. ಹೊರಡುವಾಗ ಸೋಫಾ ಕಾಲಿನ ಪಕ್ಕ ಟೈಲ್ಸ್ ಮೇಲೆ ಗುರುತಿಗೆ ಒಂದು ತುಂಡು ಅಂಟು ಟೇಪ್ ಹಾಕುತ್ತೇನೆ. ನೆಲ ಒರೆಸುವಾಗ ಅದು ವಾರದೊಳಗೆ ಕಿತ್ತುಹೋಗುತ್ತದೆ. ಹಬ್ಬಕ್ಕೆ ಸೋಫಾ ಸರಿಸಿದವರು ಫೋನ್ ಮಾಡಿ "ಎಲ್ಲಿತ್ತಪ್ಪಾ ಇದು?" ಅಂತ ಕೇಳುತ್ತಾರೆ. ಅದಕ್ಕೇ ಮೊಬೈಲ್‌ನಲ್ಲಿ ಒಂದು ಫೋಟೋನೂ ಇಟ್ಟಿರುತ್ತೇನೆ.