ಕುಯ್ದಿದ್ದು ಲೆಕ್ಕಕ್ಕೆ ಬಂತಾ?

“ಆ ಪೈಪ್ನ ಕುಯ್ದಿದ್ರಲ್ಲ ಸಾರ್, ಕುಯ್ದಿದ್ದು ಲೆಕ್ಕಕ್ಕೆ ಬಂತಾ?” ಎಂದು ಬೇಲಿಯಾಚೆ ಹಸು ಮೇಯಿಸುತ್ತಿದ್ದ ಹೆಂಗಸು ಕೇಳಿದ್ದು ಮೊನ್ನೆ ಮಂಗಳವಾರ. ಇಂದು ಶನಿವಾರ. ಆ ಮಾತು ಇನ್ನೂ ನನ್ನ ಕಿವಿಯಲ್ಲೇ ಇದೆ.

ಹಾಸನದ ಹೊರವಲಯದಲ್ಲಿ ಮುಚ್ಚಿಹೋದ ಲೋಹಲೇಪನ ಕಾರ್ಖಾನೆಯ ಆವರಣದಲ್ಲಿ ಕೆಲವು ತಿಂಗಳಿಗೊಮ್ಮೆ ಅಂತರ್ಜಲದ ಮಟ್ಟ ಅಳೆಯುವುದು ನಮ್ಮ ತಂಡದ ಕೆಲಸ. ಹಳೆಯ ತ್ಯಾಜ್ಯದ ಗುಂಡಿಯಿಂದ ಅಲ್ಲಿ ಕ್ರೋಮಿಯಂ ನೆಲಕ್ಕಿಳಿದಿದೆ. ಕ್ರೋಮಿಯಂ ನಮ್ಮ ಜಿಲ್ಲೆಗೆ ಹೊಸದೇನಲ್ಲ, ಬೈರಾಪುರದ ಗಣಿಯ ಕ್ರೋಮೈಟ್ ಅದಿರಿನಲ್ಲೂ ಅದೇ ಲೋಹವಿದೆ. ಆದರೆ ಅದಿರಿನಲ್ಲಿರುವ ಟ್ರೈವೇಲೆಂಟ್ ರೂಪ ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಲೇಪನದ ತೊಟ್ಟಿಯಲ್ಲಿ ಬಳಸುವ ಹೆಕ್ಸಾವೇಲೆಂಟ್ ರೂಪ ಕರಗಿ, ನೀರು ಹೋದತ್ತ ಹೋಗುತ್ತದೆ. ಕುಡಿಯುವ ನೀರಿನಲ್ಲಿ ಒಟ್ಟು ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕದಲ್ಲಿದೆ. ನೀರು ಎತ್ತ ಹೋಗುತ್ತಿದೆ ಎಂಬ ಪ್ರಶ್ನೆಗೆ ಅಲ್ಲಿ ಅಷ್ಟು ಬೆಲೆ.

ಅಳೆಯುವ ಕ್ರಮ ಸರಳವಾದದ್ದು. ಬಾವಿಯ ಪೈಪಿನ ತಲೆಯಿಂದ ಟೇಪನ್ನು ಇಳಿಬಿಡುತ್ತೇವೆ. ತುದಿಯ ಸೆನ್ಸರ್ ನೀರು ಮುಟ್ಟಿದೊಡನೆ ಬೀಪ್ ಎನ್ನುತ್ತದೆ. ಪೈಪಿನ ತಲೆಯ ಎತ್ತರದಿಂದ ಆ ಆಳವನ್ನು ಕಳೆದರೆ ನೀರಿನ ಮಟ್ಟ ಸಿಗುತ್ತದೆ. ಮೂರು ಬಾವಿಗಳ ಮಟ್ಟ ಸಿಕ್ಕಿದರೆ ಇಳಿಜಾರು ಯಾವ ಕಡೆಗಿದೆ ಎಂದು ನಕ್ಷೆಯ ಮೇಲೆ ಒಂದು ಬಾಣ ಎಳೆಯಬಹುದು. ಕಾರ್ಖಾನೆಯ ಕಚೇರಿಯ ಮೆಟ್ಟಿಲನ್ನು 100 ಮೀಟರ್ ಎಂದು ಹಿಡಿದು ನಾವು ಎಲ್ಲ ಪೈಪುಗಳ ಎತ್ತರ ಗುರುತಿಸಿದ್ದೆವು. ಉತ್ತರದ ಬೇಲಿಯ ಬಳಿಯ ಮೂರನೆಯ ಬಾವಿಯದು 97.87. ಮೇ ತಿಂಗಳಲ್ಲಿ ಅಲ್ಲಿ ನೀರು 7.70 ಮೀಟರ್ ಆಳದಲ್ಲಿತ್ತು, ಎಂದರೆ ಮಟ್ಟ 90.17, ಗುಂಡಿಯ ಪಕ್ಕದ ಮೊದಲ ಬಾವಿಯಲ್ಲಿ 90.06. ಉತ್ತರದಲ್ಲಿ ನೀರು ಎತ್ತರದಲ್ಲಿದೆ, ಆದ್ದರಿಂದ ಬಾಣ ಆಗ್ನೇಯಕ್ಕೆ, ಕೆರೆಯ ಕಡೆಗೆ ಎಂದು ಬರೆದೆವು. ಜನವರಿಯಲ್ಲೂ ಹಾಗೆಯೇ ಬರೆದಿದ್ದೆವು.

ಡಿಸೆಂಬರ್‌ನಲ್ಲಿ ಲಂಟಾನ ತೆಗೆಸುವಾಗ ಟ್ರ್ಯಾಕ್ಟರ್ ಆ ಪೈಪಿಗೆ ಗುದ್ದಿತ್ತು. ಸೀಳಿದ ತಲೆಯನ್ನು ಆವರಣದ ಮೇಲ್ವಿಚಾರಕರು ಗರಗಸದಿಂದ ಕುಯ್ಸಿ, ಮುಚ್ಚಳ ಹಾಕಿಸಿ, ಹೊಸ ಬಣ್ಣ ಹೊಡೆಸಿದ್ದರು. ಮಂಗಳವಾರ ಸೋನೆ ಮಳೆಯಲ್ಲೇ ಎತ್ತರ ಅಳೆಯುವ ಲೆವೆಲ್ ಯಂತ್ರ ನಿಲ್ಲಿಸಿ ನೋಡಿದೆ: 97.64. ಇಪ್ಪತ್ಮೂರು ಸೆಂಟಿಮೀಟರ್ ಇಲ್ಲ. ಮೇ ತಿಂಗಳ ನಿಜವಾದ ಮಟ್ಟ 89.94, ಮೊದಲ ಬಾವಿಗಿಂತ 12 ಸೆಂಟಿಮೀಟರ್ ಕೆಳಗೆ. ಜೀಪಿನೊಳಗೆ ಕೂತು ಮತ್ತೆ ಬಾಣ ಎಳೆದರೆ ಅದು ಈಶಾನ್ಯಕ್ಕೆ ತಿರುಗಿತು. ಅಲ್ಲಿ ಇರುವುದು ಮೂವತ್ತು ಮನೆಗಳು ಮತ್ತು ಅವುಗಳೆಲ್ಲದರ ಒಂದು ಬೋರ್‌ವೆಲ್. ನೀರಿಗೆ ಈಶಾನ್ಯ ಮೂಲೆಯೇ ಶ್ರೇಷ್ಠವೆಂದು ನಮ್ಮವರು ತಲೆತಲಾಂತರದಿಂದ ನಂಬಿಕೊಂಡು ಬಂದ ದಿಕ್ಕು ಅದು.

ಮೇಲ್ವಿಚಾರಕರನ್ನು ಕೇಳಿದಾಗ, “ಮುಕ್ಕಾಲು ಅಡಿ ತಾನೇ, ಒಳಗಿರೋ ನೀರಿಗೇನಾಯ್ತು?” ಎಂದರು. ಅವರು ಕೆಟ್ಟವರಲ್ಲ, ಪೈಪನ್ನು ಅಂದವಾಗಿ ಸರಿಪಡಿಸಿದ ಹೆಮ್ಮೆ ಅವರಲ್ಲಿತ್ತು. ಟೇಪ್ ಇಳಿಸುವ ನಮ್ಮ ಹುಡುಗ ಅರ್ಧ ಸೆಂಟಿಮೀಟರನ್ನೂ ಬಿಡದೆ ಬರೆಯುವವನು. ಅವನು ಎರಡು ದಿನ ಸರಿಯಾಗಿ ಊಟ ಮಾಡಿಲ್ಲವೆಂದು ಕೇಳಿದೆ. ತಪ್ಪು ಅವನದಕ್ಕಿಂತ ನನ್ನದು ದೊಡ್ಡದು. ಕಳೆದ ನವೆಂಬರ್‌ವರೆಗೆ ಬಾಣ ಈಶಾನ್ಯಕ್ಕೇ ಇತ್ತು. ಜನವರಿಯಲ್ಲಿ ಅದು ತಿರುಗಿದಾಗ ಬಾವಿಯ ಬಳಿಗೆ ಹೋಗಿ ಪೈಪನ್ನು ಮುಟ್ಟಿ ನೋಡುವ ಬದಲು, ಕೆರೆ ಕಡೆಯ ತೋಟಗಳ ಪಂಪುಗಳು ನೀರನ್ನು ಎಳೆಯುತ್ತಿರಬೇಕು ಎಂದು ವರದಿಯಲ್ಲಿ ವಿವರಣೆ ಬರೆದವನು ನಾನು. ಪಂಪುಗಳು ಹರಿವನ್ನು ತಿರುಗಿಸುವುದು ಸುಳ್ಳಲ್ಲ. ಆ ವಿವರಣೆ ಓದಿದವರೆಲ್ಲ ಒಪ್ಪಿದ್ದೂ ಅದಕ್ಕೇ. ಒಪ್ಪಿದ ಮೇಲೆ ಆ ಮೂವತ್ತು ಮನೆಗಳ ಬೋರ್‌ವೆಲ್‌ನಿಂದ ಪ್ರತಿ ಸಲ ಮಾದರಿ ತೆಗೆಯುವುದನ್ನು ವರ್ಷಕ್ಕೊಮ್ಮೆಗೆ ಇಳಿಸಿದರು.

ನನ್ನನ್ನು ಹೆಚ್ಚು ಕಾಡುತ್ತಿರುವುದು ಇದೇ. ಬಾಣ ಸರಿಯಾಗಿದ್ದಿದ್ದರೂ ಆ ಬೋರ್‌ವೆಲ್ಲನ್ನು ಬಿಡಬಾರದಿತ್ತು. ಮೂರು ಬಾವಿಗಳ ಲೆಕ್ಕವು ನೀರಿನ ಮೇಲ್ಮೈಯನ್ನು ಓರೆಯಾಗಿಟ್ಟ ಹಲಗೆಯೆಂದು ಭಾವಿಸುತ್ತದೆ. ನಮ್ಮ ಸೀಮೆಯಲ್ಲಿ ಮೇಲೆ ಶಿಥಿಲವಾದ ಪದರ, ಕೆಳಗೆ ನೈಸ್ ಎಂಬ ಗಟ್ಟಿ ಬಂಡೆ. ಬಂಡೆಯೊಳಗೆ ನೀರು ಬಿರುಕು ಸಾಗಿದತ್ತ ಸಾಗುತ್ತದೆ, ಆಳದ ಬೋರ್‌ವೆಲ್ ಓಡಿದಾಗ ಯಾವ ಬಿರುಕಿನಿಂದ ಎಳೆದುಕೊಳ್ಳುತ್ತದೆ ಎಂಬುದನ್ನು ನಕ್ಷೆಯ ಬಾಣ ಹೇಳಲಾರದು. ಜನ ಕುಡಿಯುವ ನೀರನ್ನೇ ಪರೀಕ್ಷಿಸಬೇಕಾದ ಕಡೆ, ನೀರು ಅತ್ತ ಹೋಗುವುದಿಲ್ಲ ಎಂಬ ಊಹೆಯನ್ನು ನಾವು ಪರೀಕ್ಷೆಯೆಂದು ಒಪ್ಪಿಸಿದೆವು. ಎರಡು ವರದಿಗಳಲ್ಲೂ ನನ್ನ ಸಹಿಯಿದೆ.

ಆ ಹೆಂಗಸು ಅಲ್ಲಿ ದಿನವೂ ಹಸು ಹೊಡೆದುಕೊಂಡು ಬರುವವರು. ಟ್ರ್ಯಾಕ್ಟರ್ ಗುದ್ದಿದ್ದನ್ನೂ ಕುಯ್ದದ್ದನ್ನೂ ಕಣ್ಣಾರೆ ಕಂಡವರು. ಜನವರಿಯಲ್ಲೂ ಮೇ ತಿಂಗಳಲ್ಲೂ ನಾನು ಅವರ ಎದುರಿಗೇ ಹಾದುಹೋಗಿದ್ದೇನೆ. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಬುಧವಾರ ಬೆಳಿಗ್ಗೆ ಆ ಬೋರ್‌ವೆಲ್ಲನ್ನು ಓಡಿಸಿ, ನೀರಿನ ಪಿಎಚ್ ಮತ್ತು ವಿದ್ಯುತ್ ವಾಹಕತೆ ಸ್ಥಿರವಾಗುವವರೆಗೆ ಹರಿಯಬಿಟ್ಟು, ಮಾದರಿ ತುಂಬಿ ಪ್ರಯೋಗಾಲಯಕ್ಕೆ ಕಳಿಸಿದ್ದೇನೆ. ಫಲಿತಾಂಶ ಬರುವವರೆಗೆ ಕುಡಿಯಲು, ಅಡುಗೆಗೆ ಟ್ಯಾಂಕರ್ ನೀರು ಕೊಡಿಸಿ ಎಂದು ಪಂಚಾಯಿತಿಗೆ ಪತ್ರ ಕೊಟ್ಟು, ಕಾರಣವನ್ನು ಮರೆಮಾಚದೆ ಅದರಲ್ಲಿ ಬರೆದೆ. ಗುರುವಾರದಿಂದ ಟ್ಯಾಂಕರ್ ಬರುತ್ತಿದೆ. ಎರಡೂ ವರದಿಗಳನ್ನು ಹಿಂಪಡೆಯಲು ಕೇಳಿದ್ದೇನೆ.

ನಿನ್ನೆ ಮೂರನೆಯ ಬಾವಿಯ ಪೈಪಿಗೆ ಉತ್ತರದ ಅಂಚಿನಲ್ಲಿ ಅರದಿಂದ ಕಚ್ಚು ಹಾಕಿ 97.64 ಎಂದು ಬರೆಸಿದೆವು. ಕುಯ್ದ ದಿನಾಂಕ ಮೇಲ್ವಿಚಾರಕರ ಪುಸ್ತಕದಲ್ಲಿ ಇರಲಿಲ್ಲ. ಬೇಲಿಯ ಬಳಿ ಹೋಗಿ ಆ ಹೆಂಗಸನ್ನು ಕೇಳಿ, ಹೇಳಿದ್ದನ್ನು ಹಾಗೆಯೇ ಕ್ಷೇತ್ರ ಪುಸ್ತಕದಲ್ಲಿ ಬರೆದುಕೊಂಡೆ: ರಾಗಿ ಒಕ್ಕಣೆ ಮುಗಿದ ಮಾರನೆ ದಿನ, ಮಧ್ಯಾಹ್ನ.