ಹೊಸ ಬ್ಯಾಟರಿ ಹಾಕಿದರೂ ಟ್ರ್ಯಾಕ್ಟರ್ ಏಕೆ ಸ್ಟಾರ್ಟ್ ಆಗುವುದಿಲ್ಲ?

ಶಿರಸಿ ಪೇಟೆಯಲ್ಲಿ ಎದುರಾದವರು, ಮದುವೆ ಊಟದಲ್ಲಿ ಪಕ್ಕದ ಎಲೆಗೆ ಕುಳಿತವರು, ಎಲ್ಲರೂ ನನ್ನನ್ನು ಕೇಳುವುದು ಇದನ್ನೇ: "ಹಳೆಯ ಟ್ರ್ಯಾಕ್ಟರು. ಬ್ಯಾಟರಿ ಹೊಸದೇ ಹಾಕಿದ್ದೇನೆ. ಕೀಲಿ ತಿರುಗಿಸಿದರೆ ಟಕ್ ಅನ್ನುತ್ತದೆ, ಎಂಜಿನ್ ತಿರುಗುವುದಿಲ್ಲ. ವೈರಿಂಗ್ ಪೂರ್ತಿ ಕಿತ್ತು ಹೊಸದು ಹಾಕಿಸಿಬಿಡಲೇ?"

ಬೇಡ.

ಇಷ್ಟಕ್ಕೇ ಬಿಟ್ಟರೆ ಯಾರಿಗೂ ಸಮಾಧಾನವಿಲ್ಲ. ಬ್ಯಾಟರಿಗೆ ಸಾವಿರಗಟ್ಟಲೆ ಸುರಿದಾಗಿದೆ. ಇನ್ನಷ್ಟು ಸುರಿಯಲು ನನ್ನ ಒಪ್ಪಿಗೆ ಬೇಕು, ಅಷ್ಟೆ. ಜೊತೆಗೆ "ಎಲ್ಲ ನೋಡಿಯಾಯಿತು" ಎಂದು ಸೇರಿಸುತ್ತಾರೆ. ಏನನ್ನು ನೋಡಿದಿರಿ ಎಂದರೆ ಕೆಂಪು ಕೇಬಲ್ಲನ್ನು. ಅಲ್ಲಾಡಿಸಿ ನೋಡಿದ್ದಾರಂತೆ. ಎಂಜಿನ್ನನ್ನು ಮೊದಲು ತಿರುಗಿಸಿಕೊಡುವ ಸ್ಟಾರ್ಟರ್ ಮೋಟರು ನೂರಾರು ಆಂಪಿಯರ್ ಎಳೆಯುವ ಯಂತ್ರ. ಅಷ್ಟೂ ಕರೆಂಟು ಎಂಜಿನ್ನಿನ ಕಬ್ಬಿಣದ ಮೂಲಕ ಬ್ಯಾಟರಿಯ ಮೈನಸ್ಸಿಗೆ ವಾಪಸು ಬರಬೇಕು. ಆ ವಾಪಸು ದಾರಿಯಲ್ಲಿ ಕಬ್ಬಿಣವನ್ನು ಮೈನಸ್ಸಿಗೆ ಜೋಡಿಸುವ ಅರ್ತ್ ಪಟ್ಟಿಯನ್ನು ಮುಟ್ಟಿ ನೋಡಿದವರನ್ನು ನಾನಿನ್ನೂ ಕಂಡಿಲ್ಲ.

ಸಿದ್ದಾಪುರ ರಸ್ತೆಯ ಬದಿಯ ಊರಿನವರೊಬ್ಬರು, ದೂರದ ನೆಂಟರೂ ಹೌದು, "ಭಾವ, ಒಮ್ಮೆ ಬಂದು ಹೋಗು" ಎಂದು ಕರೆದರು. ಬ್ಯಾಟರಿ ಹೊಸದು, ಸ್ಟಾರ್ಟರಿಗೆ ಕರೆಂಟು ಬಿಡುವ ಸೊಲೆನಾಯ್ಡ್ ಹೊಸದು, ಕೀಲಿಯ ಸ್ವಿಚ್ಚೂ ಹೊಸದು. ಟ್ರ್ಯಾಕ್ಟರಂತೂ ಮದುಮಗನ ಹಾಗೆ ಹೊಳೆಯುತ್ತಿತ್ತು: ಆಯುಧಪೂಜೆಗೆಂದು ಬಣ್ಣ ಹೊಡೆಸಿದ್ದರು. ತೊಂದರೆ ಯಾವಾಗಿನಿಂದ ಎಂದು ಕೇಳಿದೆ. "ಹಬ್ಬ ಆದಾಗಿನಿಂದ." ಬಣ್ಣ ಹೊಡೆದವನು ಅರ್ತ್ ಪಟ್ಟಿ ಬಿಚ್ಚಿ, ಗೇರ್ ಬಾಕ್ಸಿಗೆ ಚೆನ್ನಾಗಿ ಎರಡು ಕೋಟು ಬಳಿದು, ಬಣ್ಣದ ಮೇಲೆಯೇ ಪಟ್ಟಿಯನ್ನು ಕಟ್ಟಿದ್ದ. ಬೋಲ್ಟಿನ ಸುತ್ತುಗಳ ಮೂಲಕ ನುಸುಳುತ್ತಿದ್ದ ಕರೆಂಟು ಹೆಡ್‌ಲೈಟಿಗೆ ಸಾಕಾಗುತ್ತಿತ್ತು, ಸ್ಟಾರ್ಟರಿಗೆ ಸಾಲುತ್ತಿರಲಿಲ್ಲ. ಉಪ್ಪುಕಾಗದದಲ್ಲಿ ಉಜ್ಜಿ ಲೋಹ ಕಾಣಿಸಿ ಮತ್ತೆ ಬಿಗಿದ ಮೇಲೆ ಎಂಜಿನ್ ಸರಾಗವಾಗಿ ತಿರುಗಿತು. ನೆಂಟರಿಗೆ ಸಂತೋಷವಾಗುವುದರ ಬದಲು, ಬಣ್ಣ ಸ್ವಲ್ಪ ಕೆಟ್ಟಿತಲ್ಲ ಎಂದು ಬೇಸರವಾಯಿತು.

ಇದನ್ನು ಕಂಡುಹಿಡಿಯಲು ನಾನು ಬೇಕಿಲ್ಲ. ಎಂಜಿನ್ ಹೊತ್ತಿಕೊಳ್ಳದಂತೆ ಸ್ಟಾಪ್ ನಾಬ್ ಎಳೆದಿಟ್ಟು, ಗೇರನ್ನು ನ್ಯೂಟ್ರಲ್ಲಿಗೆ ತನ್ನಿ. ಮಲ್ಟಿಮೀಟರಿನ ಒಂದು ಮೊನೆ ಬ್ಯಾಟರಿಯ ಮೈನಸ್ ಕಂಬದ ಮೇಲೆ (ಕ್ಲಾಂಪಿನ ಮೇಲಲ್ಲ), ಇನ್ನೊಂದು ಎಂಜಿನ್ನಿನ ಬೋಳು ಲೋಹಕ್ಕೆ. ಒಬ್ಬರು ಸೀಟಿನಲ್ಲಿ ಕುಳಿತು ಕೀಲಿ ತಿರುಗಿಸಲಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಕಳ್ಳ ಆ ದಾರಿಯಲ್ಲಿಯೇ ಇದ್ದಾನೆ. ಮೀಟರಿಲ್ಲದಿದ್ದರೆ ಜಂಪರ್ ಕೇಬಲ್ಲಿನಿಂದ ಮೈನಸ್ಸನ್ನು ನೇರವಾಗಿ ಎಂಜಿನ್ನಿಗೆ ಕಚ್ಚಿಸಿ. ಆಗ ಸ್ಟಾರ್ಟರ್ ಜೋರಾಗಿ ತಿರುಗಿದರೆ ಅಂಗಡಿಗೆ ಹೋಗುವುದೇ ಬೇಡ. ತೀರಾ ಹಳೆಯ ಕೆಲವು ಗಾಡಿಗಳಲ್ಲಿ ಮೈನಸ್ಸಿನ ಬದಲು ಪ್ಲಸ್ಸನ್ನೇ ಗಾಡಿಯ ಕಬ್ಬಿಣಕ್ಕೆ ಜೋಡಿಸಿರುತ್ತಾರೆ, ಅದನ್ನು ಮೊದಲೇ ನೋಡಿಕೊಳ್ಳಿ.

ಅಂಕೋಲಾ, ಕಾರವಾರದ ಕಡೆಯವರು ಮೀಟರನ್ನೂ ಪೂರ್ತಿ ನಂಬಬೇಡಿ. ಉಪ್ಪುಗಾಳಿಗೆ ವೈರಿನ ಒಳಗಿನ ತಾಮ್ರ ಹಸಿರುಗಟ್ಟಿ ಒಂದೆರಡು ಎಳೆ ಮಾತ್ರ ಉಳಿದಿದ್ದರೂ, ಕರೆಂಟು ಹರಿಯದಿರುವಾಗ ಮೀಟರು 12 ವೋಲ್ಟ್ ಎಂದೇ ಹೇಳುತ್ತದೆ. ಇಂಡಿಕೇಟರಿನ 21 ವ್ಯಾಟಿನ ಬಲ್ಬಿಗೆ ಎರಡು ವೈರು ಕಟ್ಟಿ ಮೀಟರು ಹಿಡಿದ ಜಾಗಕ್ಕೇ ಹಿಡಿಯಿರಿ, ಅದು ಮಂಕಾಗಿ ಉರಿದು ನಿಜ ಹೇಳುತ್ತದೆ. ಇನ್ನು ಮನೆ ವೈರಿಂಗಿನ ಒಂಟಿ ಎಳೆಯ ವೈರನ್ನು ಟ್ರ್ಯಾಕ್ಟರಿಗೆ ಎಳೆಯುವವರ ಬಗ್ಗೆ ನಾನು ಮಾತಾಡುವುದಿಲ್ಲ. ಅದುರಿ ಅದುರಿ ಅದು ಮುರಿಯುತ್ತದೆ, ಆಗ ಅವರೇ ಮಾತಾಡುತ್ತಾರೆ.

ನಿಜವಾಗಿ ನನ್ನನ್ನು ಕೇಳಬೇಕಾದದ್ದು ಬೇರೆ: "ಸ್ಟಾರ್ಟರಿಗೆ ಸ್ಕ್ರೂಡ್ರೈವರ್ ಅಡ್ಡ ಇಟ್ಟು ಸ್ಟಾರ್ಟ್ ಮಾಡಬಹುದೇ?" ಇದನ್ನು ಯಾರೂ ಕೇಳುವುದಿಲ್ಲ, ಏಕೆಂದರೆ ಎಲ್ಲರೂ ಮಾಡುತ್ತಾರೆ. ಹಳೆಯ ಡೀಸೆಲ್ ಎಂಜಿನ್ನಿಗೆ ಡೀಸೆಲ್ ಒದಗಿಸುವ ಪಂಪ್ ಯಾಂತ್ರಿಕವಾದದ್ದು. ಓಡುವುದಕ್ಕೆ ಅದಕ್ಕೆ ಕರೆಂಟೇ ಬೇಡ. ಕೀಲಿ ನಿಮ್ಮ ಜೇಬಿನಲ್ಲಿದ್ದರೂ, ಸ್ಟಾಪ್ ನಾಬ್ ಒಳಗಿದ್ದರೆ, ಸ್ಟಾರ್ಟರ್ ತಿರುಗಿದ ಕೂಡಲೇ ಎಂಜಿನ್ ಹೊತ್ತಿಕೊಳ್ಳುತ್ತದೆ. ಗೇರಿನಲ್ಲಿದ್ದರೆ ಟ್ರ್ಯಾಕ್ಟರ್ ಹೊರಟೇಬಿಡುತ್ತದೆ, ನೀವು ನಿಂತಿರುವುದು ದೊಡ್ಡ ಚಕ್ರದ ಎದುರಿಗೆ. ಗೇರಿನಲ್ಲಿದ್ದಾಗ ಸ್ಟಾರ್ಟ್ ಆಗದಂತೆ ತಡೆಯುವ ನ್ಯೂಟ್ರಲ್ ಸ್ವಿಚ್ ಇರುವ ಗಾಡಿಯಲ್ಲೂ ಈ ಉಪಾಯ ಅದನ್ನು ದಾಟಿ ಹೋಗುತ್ತದೆ. ಹೀಗೆ ಸತ್ತವರಿದ್ದಾರೆ.

ಆದ್ದರಿಂದ ಸೀಟಿನ ಮೇಲೆ ಕುಳಿತು, ಕ್ಲಚ್ ಒತ್ತಿ, ಕೀಲಿಯಿಂದಲೇ ಪ್ರಯತ್ನಿಸಿ. ಆಗದಿದ್ದರೆ ಆವತ್ತು ಬಿಟ್ಟುಬಿಡಿ. ಬೆಟ್ಟದಿಂದ ತರಬೇಕಾದ ದರಕು (ತರಗೆಲೆ) ಎಲ್ಲಿಗೂ ಓಡಿಹೋಗುವುದಿಲ್ಲ.